ನಿಲ್ಲಬೇಡಿ ಎಂದಾಗ ನಿಂತು, ನಿಲ್ಲಿ ಎಂದಾಗ ನಿಲ್ಲದ ಎಂಜಿನ್ ಮಹಾಶಯರಿಗೆ

ಮಾನ್ಯ ಎಂಜಿನ್ ಮಹಾಶಯರಿಗೆ,
ಕೆಂಪು ವಿಮಾನದ ಮೂಗು,
ಸದ್ಯದ ವಾಸ: ನಮ್ಮ ಊಟದ ಮೇಜು, ಹಳೆಯ ಪತ್ರಿಕೆಯ ಮೇಲೆ.

ಮಾನ್ಯರೇ,

ತಮ್ಮ ಏಕೈಕ ಸಿಲಿಂಡರಿಗೂ, ಅದರೊಳಗೆ ಮನಸ್ಸು ಬಂದಾಗ ಮಾತ್ರ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನಿಗೂ, ಕಂಡವರ ಮೇಲೆಲ್ಲ ಎಣ್ಣೆ ಉಗುಳುವ ಸೈಲೆನ್ಸರಿಗೂ ನನ್ನ ವಿನಯಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳಬೇಕಾದ ಅಗತ್ಯವೇ ಇಲ್ಲ. ಇದುವರೆಗಿನ ಅವಘಡಗಳಲ್ಲಿ ರೆಕ್ಕೆ ಮುರಿದಿದೆ, ಚಕ್ರ ಕಳಚಿದೆ, ನನ್ನ ಮರ್ಯಾದೆ ಮಣ್ಣುಪಾಲಾಗಿದೆ, ತಮ್ಮ ಮೈಮೇಲೆ ಮಾತ್ರ ಒಂದು ಗೀರೂ ಬಿದ್ದಿಲ್ಲ. ಈ ದೂರನ್ನು ತಮಗೆ ಖಾಸಗಿಯಾಗಿಯೇ ಸಲ್ಲಿಸಬಹುದಿತ್ತು. ಆದರೆ ತಾವು ನನಗೆ ಕೈಕೊಟ್ಟದ್ದೆಲ್ಲ ನಡುಬಯಲಿನಲ್ಲಿ, ಹತ್ತಾರು ಜನರ ಕಣ್ಣೆದುರಿಗೇ ಆದ್ದರಿಂದ ಪತ್ರವೂ ಬಹಿರಂಗವಾಗಿರುವುದೇ ನ್ಯಾಯ. ಕೈಗಳೇ ಇಲ್ಲದವರು ಇಷ್ಟು ಸಲ ಕೈಕೊಡಬಲ್ಲರೆಂಬುದು ತಮ್ಮ ಪರಿಚಯವಾಗುವವರೆಗೆ ನನಗೆ ತಿಳಿದಿರಲಿಲ್ಲ.

ನಾನು ಮೂವತ್ತೊಂದು ವರ್ಷ ನಗರದ ಬಸ್ಸು ಓಡಿಸಿ ನಿವೃತ್ತನಾದವನು. ನಿವೃತ್ತಿಯಾದ ಎರಡನೇ ವಾರ, ಟೀವಿಯ ಮುಂದೆ ಕೂತು ಬಲಗಾಲಿನಿಂದ ನೆಲ ಒತ್ತುತ್ತಿದ್ದ ನನ್ನನ್ನು ಕಂಡು, ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ನಡೆಸುವ ನನ್ನ ಹೆಂಡತಿ, "ರೀ, ನನ್ನ ಮಷೀನಿನ ಸದ್ದಿಗೆ ನೀವು ಗೇರು ಬದಲಾಯಿಸ್ತಾ ಕೂತ್ಕೋಬೇಡಿ. ಏನಾದ್ರೂ ಕಲೀರಿ" ಎಂದಳು. ಅವಳ ಮನಸ್ಸಿನಲ್ಲಿದ್ದದ್ದು ಅಂಗಿಗೆ ಕಾಜಾ ಹಾಕುವುದು. ನಾನು ಕಲಿಯಲು ಹೊರಟದ್ದು ರಿಮೋಟಿನಿಂದ ವಿಮಾನ ಹಾರಿಸುವುದು.

ಹಗುರ ಮರದ ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿ, ನಮ್ಮ ಮಂಚದಷ್ಟು ಅಗಲದ ರೆಕ್ಕೆ ಕಟ್ಟಲು ಎರಡು ತಿಂಗಳು ಹಿಡಿಯಿತು. ರೆಕ್ಕೆಗೆ ಹೊದಿಸುವ ಕೆಂಪು ಹಾಳೆಯನ್ನು ಬಿಸಿಮಾಡಿ ಅಂಟಿಸತಕ್ಕದ್ದೆಂದು ಕೈಪಿಡಿಯಲ್ಲಿ ಬರೆದಿತ್ತು. ನಮ್ಮ ಮನೆಯಲ್ಲಿ ಬೇಗ ಬಿಸಿಯಾಗುವುದು ಎರಡೇ: ಹೆಂಡತಿಯ ಇಸ್ತ್ರಿಪೆಟ್ಟಿಗೆ ಮತ್ತು ಹೆಂಡತಿ. ಮೊದಲನೆಯದನ್ನು ಕೇಳದೆ ತೆಗೆದುಕೊಂಡದ್ದರಿಂದ ಎರಡನೆಯದೂ ಬಿಸಿಯಾಯಿತು. ಮರುದಿನ ವಕೀಲರೊಬ್ಬರ ಬಿಳಿ ಅಂಗಿಯ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯಾಕಾರದ ಕೆಂಪು ಗುರುತು ಮೂಡಿತು. ಅದನ್ನು ಉಜ್ಜಿ ತೊಳೆದು ಮಹಡಿಯ ಮೇಲೆ ಒಣಹಾಕಿದ್ದಾಗಲೇ, ತಮ್ಮನ್ನು ಮೊದಲ ಬಾರಿಗೆ ಚಾಲೂ ಮಾಡಿ ನೋಡುವ ದುರ್ಬುದ್ಧಿ ನನಗೆ ಬಂದದ್ದು. ತಮ್ಮ ಮುಂದಿನ ಪಂಖವನ್ನು ಕೋಲಿನಿಂದ ಒಂದೇ ಒಂದು ಸಲ ತಿರುವಿದ್ದಕ್ಕೆ ತಾವು ಹುಲಿಯಂತೆ ಗರ್ಜಿಸಿ, ಹರಳೆಣ್ಣೆ ಬೆರೆತ ಹೊಗೆಯನ್ನು ಆ ಅಂಗಿಯ ಮೇಲೆ, ಒಂದು ತೋಳನ್ನೂ ಬಿಡದೆ, ಸಮನಾಗಿ ಹಂಚಿದಿರಿ. ವಕೀಲರು ಈಗ ಬೇರೆ ಕಡೆ ಹೊಲಿಸುತ್ತಾರೆ.

ಮನೆಯಲ್ಲಿ ಒಂದೇ ಏಟಿಗೆ ಎದ್ದ ತಾವು ವಿಮಾನ ಹಾರಿಸುವವರ ಕ್ಲಬ್ಬಿನ ಬಯಲಿಗೆ ಹೋದ ಕೂಡಲೇ ನಲವತ್ತು ಸಲ ತಿರುವಿದರೂ ಕಣ್ಣು ಬಿಡದೆ ಮಲಗಿದಿರಿ. ಅಲ್ಲಿ ನನಗೆ ಕಲಿಸಲು ಒಪ್ಪಿದವರು ಒಬ್ಬ ನಿವೃತ್ತ ನರ್ಸಮ್ಮ. ಬಯಲಿನಲ್ಲಿ ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಾರೆ. ಅವರ ಮಾತಿಗೆ ಗಾಳಿಯೂ ಎದುರಾಡುವುದಿಲ್ಲ ಎನ್ನುತ್ತಾರೆ. ಅವರ ರಿಮೋಟಿಗೂ ನನ್ನ ರಿಮೋಟಿಗೂ ನಡುವೆ ಒಂದು ವೈರು. ನಾನು ತಪ್ಪಿದರೆ ಅವರು ಒತ್ತಿ ಹಿಡಿದ ಸ್ವಿಚ್ಚು ಬಿಟ್ಟ ಕ್ಷಣವೇ ವಿಮಾನ ಅವರ ಕೈಗೆ ಹೋಗುತ್ತದೆ. ಮೊದಲ ದಿನವೇ ಅವರು ಹೇಳಿದ್ದು ಇಷ್ಟು: "ನೋಡಿ ಡ್ರೈವರಣ್ಣ, ಎಂಜಿನ್ ನಿಂತ್ರೆ ಮೊದಲು ಎಲ್ಲರಿಗೂ ಕೇಳೋ ಹಾಗೆ ಕೂಗಿ. ಆಮೇಲೆ ಮೂಗು ತಗ್ಗಿಸಿ. ಮೇಲೆ ಎತ್ತೋಕೆ ಹೋದ್ರೋ, ವೇಗ ಸತ್ತು ಕಲ್ಲು ಬಿದ್ದ ಹಾಗೆ ಬೀಳುತ್ತೆ. ಇಳಿಜಾರಲ್ಲಿ ಜಾರಿಸ್ಕೊಂಡು, ಗಾಳಿಗೆ ಎದುರಾಗಿ ಇಳಿಸಿ. ಅಷ್ಟೇ."

ಅಷ್ಟೇ! ಎರಡನೇ ಭಾನುವಾರ, ವಿಮಾನ ತೆಂಗಿನ ಮರದ ಮೂರು ಪಟ್ಟು ಎತ್ತರದಲ್ಲಿದ್ದಾಗ, ತಾವು ಯಾವ ಮುನ್ಸೂಚನೆಯೂ ಇಲ್ಲದೆ ಗಪ್‌ಚುಪ್ ಆದಿರಿ. ಬಸ್ಸಿನ ಎಂಜಿನ್ ಕೆಟ್ಟರೆ ಪಕ್ಕಕ್ಕೆ ತೆಗೆದು ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಪ್ರಯಾಣಿಕರ ಬೈಗುಳ ಕೇಳುತ್ತ ನಿಲ್ಲಬೇಕೆಂದು ನನಗೆ ಗೊತ್ತು. ಆಕಾಶಕ್ಕೆ ಪಕ್ಕವೆಂಬುದೇ ಇಲ್ಲ. ನಾನು ಕೂಗಲಿಲ್ಲ, ಬಲಗಾಲಿನಿಂದ ಹುಲ್ಲನ್ನು ಬಲವಾಗಿ ಒತ್ತಿದೆ. ಬ್ರೇಕು ಹಿಡಿಯದಿದ್ದುದರಿಂದ ಗಾಬರಿಯಾಗಿ ರಿಮೋಟಿನ ಕಡ್ಡಿಯನ್ನು ನನ್ನ ಕಡೆಗೆ ಎಳೆದೆ. ವಿಮಾನ ಮೂಗೆತ್ತಿ, ಗಾಳಿಯಲ್ಲಿ ಒಂದು ಕ್ಷಣ ಯೋಚಿಸಿ, ಒಂದು ಪಕ್ಕಕ್ಕೆ ಮಗುಚಿತು. ಸಿಸ್ಟರ್ ಸ್ವಿಚ್ಚು ಬಿಟ್ಟು ಅದನ್ನು ಎದೆಯೆತ್ತರದ ಹುಲ್ಲಿನಲ್ಲಿ ಮಲಗಿಸಿದರು. "ಉಸಿರಾಡಿ" ಎಂದರು. ನನಗೋ ವಿಮಾನಕ್ಕೋ ತಿಳಿಯಲಿಲ್ಲ.

ಆನಂತರದ ಭಾನುವಾರಗಳಲ್ಲಿ ತಾವು ತೋರಿದ ಸಮಯಪ್ರಜ್ಞೆಯನ್ನು ಹೊಗಳದೆ ಇರಲಾರೆ. ವಿಮಾನ ಹತ್ತಿರವಿದ್ದಾಗ, ಗಾಳಿ ಸರಿಯಿದ್ದಾಗ, ಕೆಳಗೆ ಕತ್ತರಿಸಿದ ಹುಲ್ಲಿದ್ದಾಗ ತಾವು ಒಂದು ಸಲವೂ ನಿಂತವರಲ್ಲ. ಅದರಲ್ಲಿಯೂ ಐದನೇ ಭಾನುವಾರ, ಪಕ್ಕದ ಮೈದಾನದಲ್ಲಿ ಫುಟ್‌ಬಾಲ್ ಪಂದ್ಯದ ಕೊನೆಯ ನಿಮಿಷಗಳು ನಡೆಯುತ್ತಿದ್ದಾಗ ಬೇಲಿಯ ಮೇಲೆಯೇ ನಿಂತದ್ದು ತಮ್ಮ ಕಲೆಯ ಶಿಖರ. ಅಂದು ನಾನು ಕೂಗಿದೆ, ಮೂಗನ್ನೂ ತಗ್ಗಿಸಿದೆ. ಆದರೆ ವಿಮಾನ ನಮ್ಮ ಕಡೆಗೇ ಮುಖ ಮಾಡಿ ಬರುವಾಗ ಎಡ ಬಲವಾಗಿಯೂ ಬಲ ಎಡವಾಗಿಯೂ ಕಾಣುತ್ತದೆಂಬುದನ್ನು ಮರೆತೆ. ಸಿಸ್ಟರ್ ಸ್ವಿಚ್ಚು ಬಿಡುವಷ್ಟರಲ್ಲಿ ವಿಮಾನ ಬೇಲಿ ದಾಟಿ, ಸದ್ದಿಲ್ಲದೆ ನೆಲದ ಮೇಲೆ ತೇಲಿ, ಚೆಂಡು ಎಲ್ಲಿದೆಯೆಂದು ಆ ಕಡೆ ನೋಡುತ್ತಿದ್ದ ಗೋಲ್‌ಕೀಪರನ ಪಕ್ಕದಿಂದ ಹಾದು ಬಲೆಯೊಳಗೆ ಹೋಗಿ ಕೂತಿತು. ರೆಫರಿ ಅಭ್ಯಾಸಬಲದಿಂದ ಸೀಟಿ ಊದಿಬಿಟ್ಟರು. ಅದು ಗೋಲೋ ಅಲ್ಲವೋ ಎಂದು ಅರ್ಧ ಗಂಟೆ ಜಗಳವಾಯಿತು. ನಾನು ಕ್ಷಮೆ ಕೇಳಲು ಹೋದಾಗ ಸೋಲುತ್ತಿದ್ದ ತಂಡದ ನಾಯಕ ನನ್ನ ಕಿವಿಯ ಹತ್ತಿರ ಬಾಗಿ, "ಅಂಕಲ್, ಮುಂದಿನ ವಾರಾನೂ ಬರ್ತೀರಾ?" ಎಂದು ಕೇಳಿದ.

ಇಷ್ಟಾದರೂ ತಮ್ಮ ಮೇಲೆ ದೂರು ಬರೆಯುವ ಯೋಚನೆ ನನಗಿರಲಿಲ್ಲ. ಅಷ್ಟರಲ್ಲಿ ಸಿಸ್ಟರ್ ಒಂದು ದಿನ ಕಣ್ಣುಜ್ಜಿಕೊಳ್ಳುತ್ತ, "ಡ್ರೈವರಣ್ಣ, ನನಗೀಗ ಒಂದು ವಿಮಾನ ಎರಡಾಗಿ ಕಾಣ್ತಿದೆ. ಪೊರೆ ತೆಗೆಸ್ಬೇಕು. ಇನ್ನು ಸ್ವಿಚ್ಚು ಹಿಡಿಯೋದು ತಪ್ಪಾಗುತ್ತೆ" ಎಂದರು. ನಾನು ಒಂಟಿಯಾಗಿ ಹಾರಿಸಬೇಕಾದರೆ ಕ್ಲಬ್ಬಿನ ಪರೀಕ್ಷೆ ಪಾಸಾಗಬೇಕು. ಆಗದಿದ್ದರೆ ಕಾರ್ಯದರ್ಶಿಗಳ ಕೈಕೆಳಗೆ ಮೊದಲಿನಿಂದ ಕಲಿಯಬೇಕು. ಕಾರ್ಯದರ್ಶಿಗಳು ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಅವರು ಪ್ರಶ್ನೆ ಕೇಳಿದರೆ ಉತ್ತರಿಸಲು ಬಾಯಿ ತೆರೆಯುವುದಕ್ಕೂ ನನಗೆ ಹೆದರಿಕೆ.

ಪರೀಕ್ಷೆಯ ನಿಯಮ ಹೀಗಿದೆ: 'ಅಭ್ಯರ್ಥಿಯು ಆಕಾಶದಲ್ಲಿ ಎಂಜಿನ್ನನ್ನು ತಾನೇ ನಿಲ್ಲಿಸಿ, ವಿಮಾನವನ್ನು ಕ್ಷೇಮವಾಗಿ ಇಳಿಸತಕ್ಕದ್ದು.' ಓದಿದಾಗ ನನಗೆ ನಗು ಬಂತು. ಏಳು ಭಾನುವಾರ ಯಾರೂ ಕೇಳದೆಯೇ ನಿಂತ ತಮಗೆ ನಿಲ್ಲಿಸುವುದನ್ನು ಹೇಳಿಕೊಡಬೇಕೆ? ಪರೀಕ್ಷೆಯ ದಿನ ನನ್ನ ಹೆಂಡತಿಯೂ ಮೊದಲ ಬಾರಿಗೆ ಮಡಚುವ ಕುರ್ಚಿ, ಗುಂಡಿ ಹಚ್ಚಬೇಕಾದ ಅಂಗಿಗಳ ಚೀಲದೊಂದಿಗೆ ಬಂದಿದ್ದಳು. ಸಿಸ್ಟರ್ ವೈರು ಕಳಚಿದರು. ವಿಮಾನ ಏರಿತು. "ನಿಲ್ಲಿಸಿ" ಎಂದರು ಡಾಕ್ಟರು. ವೇಗದ ಕಡ್ಡಿಯನ್ನು ಪೂರ್ತಿ ಕೆಳಗೆಳೆದೆ. ಮಹಾಶಯರೇ, ತಾವು ನಿಲ್ಲಲಿಲ್ಲ! ತಮ್ಮ ವೇಗ ಹಿಡಿಯುವ ತಂತಿಯ ಕೊಂಡಿ ಕಳಚಿತ್ತೆಂದು ಆಮೇಲೆ ಗೊತ್ತಾಯಿತು. ಆಗ ಗೊತ್ತಿದ್ದದ್ದು, ತಾವು ಪೂರ್ಣ ವೇಗದಲ್ಲಿ, ಹಿಂದೆಂದೂ ಕೇಳದಷ್ಟು ಸೊಗಸಾದ ಸ್ವರದಲ್ಲಿ ಹಾಡುತ್ತಿದ್ದೀರೆಂಬುದೊಂದೇ.

ಇಂಧನ ಮುಗಿಯುವವರೆಗೆ ಸುತ್ತುವುದಲ್ಲದೆ ಬೇರೆ ದಾರಿಯಿರಲಿಲ್ಲ. ಹನ್ನೊಂದು ನಿಮಿಷ ಸುತ್ತಿದೆ. ಮೊದಲ ಮೂರು ಸುತ್ತು ಜೀವ ಬಾಯಿಗೆ ಬಂದಿತ್ತು. ನಾಲ್ಕನೆಯದರಿಂದ, ಕಂಬದ ಹತ್ತಿರ ತಿರುವು, ನೀರಿನ ಟ್ಯಾಂಕಿನ ಹತ್ತಿರ ತಿರುವು ಎಂದು ಕೈಗಳು ತಾವಾಗಿಯೇ ದಾರಿ ಹಿಡಿದವು. ಡಾಕ್ಟರು ಊಟದ ಡಬ್ಬಿ ಬಿಚ್ಚಿದರು. ಹೆಂಡತಿ ನಾಲ್ಕನೇ ಅಂಗಿಗೆ ಗುಂಡಿ ಹಚ್ಚುತ್ತ, "ರೀ, ಬಸ್ಸಲ್ಲೂ ಹೀಗೇ ಸುತ್ತಿದ್ದಾ ಮೂವತ್ತೊಂದು ವರ್ಷ? ಪಾಪ" ಎಂದಳು. ಅವಳು ನನಗೆ ಪಾಪ ಎಂದದ್ದು ಅದೇ ಮೊದಲು. ನಾನು ತಿರುಗಿ ನೋಡುವಂತಿರಲಿಲ್ಲ.

ಆಗ ತಾವು ನಿಂತಿರಿ, ಬಯಲಿನ ಆ ಕೊನೆಯಲ್ಲಿ. "ಎಂಜಿನ್ ಹೋಯ್ತು!" ಎಂದು ನಾನು ಕೂಗಿದ್ದಕ್ಕೆ ಡಾಕ್ಟರ ಡಬ್ಬಿಯ ಮುಚ್ಚಳ ಕೆಳಗೆ ಬಿತ್ತು. ಮೂಗು ತಗ್ಗಿಸಿದೆ. ಎಳೆಯಬೇಕೆಂದು ಬೆರಳು ತುರಿಸುತ್ತಿತ್ತು, ಎಳೆಯಲಿಲ್ಲ. ಅವಸರವಿಲ್ಲದೆ ಒಂದು ತಿರುವು ತೆಗೆದು, ಗಾಳಿಗೆ ಎದುರಾಗಿ, ನೆಲ ಮೊಣಕಾಲಷ್ಟು ದೂರವಿದ್ದಾಗ ಮಾತ್ರ ಮೂಗನ್ನು ಕೂದಲೆಳೆಯಷ್ಟು ಎತ್ತಿದೆ. ಚಕ್ರಗಳು ಹುಲ್ಲನ್ನು ಮುಟ್ಟಿ ಉರುಳಿದವು. ನನ್ನ ಬಲಗಾಲು ಅಲುಗಿರಲಿಲ್ಲ.

ಡಾಕ್ಟರು ಬಾಯೊರೆಸಿಕೊಂಡು, ಎಂಜಿನ್ ತಾನಾಗಿ ನಿಂತಿದೆ, ಅಭ್ಯರ್ಥಿ ನಿಲ್ಲಿಸಿದ್ದಲ್ಲ, ಆದ್ದರಿಂದ ಪರೀಕ್ಷೆ ಅಸಿಂಧು ಎಂದರು. ಸಿಸ್ಟರ್ ಎದ್ದು ಬಂದರು. "ಡಾಕ್ಟ್ರೇ, ನಿಮ್ಮ ಕುರ್ಚೀಲಿ ಕೂತವರ ಹಲ್ಲು ನೀವು ಇಕ್ಕಳ ಹಾಕೋ ಮೊದಲೇ ತಾನಾಗೇ ಬಿದ್ರೆ, ಮತ್ತೆ ಹಚ್ಚಿ ಕೀಳ್ತೀರಾ?" ಡಾಕ್ಟರು ಕ್ಲಬ್ಬಿನ ಪುಸ್ತಕ ತೆರೆದು ಬರೆದರು: 'ಷರತ್ತಿನ ಮೇರೆಗೆ ಪಾಸು. ಅಭ್ಯರ್ಥಿಯ ಅಪ್ಪಣೆಯಂತೆಯೇ ಎಂಜಿನ್ ನಿಂತಿತೆಂಬುದಕ್ಕೆ ಲಿಖಿತ ಹೇಳಿಕೆ ಒದಗಿಸತಕ್ಕದ್ದು.'

ಆದ್ದರಿಂದ, ಮಹಾಶಯರೇ, ಅಂಥದೊಂದು ಹೇಳಿಕೆಯನ್ನು ದಯಪಾಲಿಸಬೇಕಾಗಿ ಪ್ರಾರ್ಥನೆ. ಅಪ್ಪಣೆಗೂ ಪಾಲನೆಗೂ ನಡುವಿನ ಹನ್ನೊಂದು ನಿಮಿಷಗಳನ್ನು 'ಕಚೇರಿಯ ವಿಳಂಬ' ಎಂದು ನಮೂದಿಸಿದರೆ ಯಾರೂ ಸಂಶಯಪಡಲಾರರು. ಪತ್ರದ ಕೆಳಭಾಗದಲ್ಲಿ ತಾವು ಒಂದು ತೊಟ್ಟು ಎಣ್ಣೆ ಸುರಿಸಿದರೆ ಅದನ್ನೇ ಸಹಿಯೆಂದು ಒಪ್ಪಿಸುವ ಹೊಣೆ ನನ್ನದು. ಇನ್ನು ಮುಂದೆ ನಿಲ್ಲಬೇಕೆನಿಸಿದಾಗ ಒಂದು ದಿನ ಮುಂಚಿತವಾಗಿ ತಿಳಿಸುವುದಾದರೆ, ಗಾಳಿಗೂ ಹುಲ್ಲಿಗೂ ಹೇಳಿಟ್ಟಿರುತ್ತೇನೆ.

ಕೊನೆಯದಾಗಿ, ದೂರಿನಲ್ಲಿ ಸೇರದಿದ್ದರೂ ಮುಚ್ಚಿಡಲಾಗದ ಒಂದು ಸಂಗತಿ. ಕಳೆದ ಭಾನುವಾರ ಸಿಸ್ಟರ್ ಶಸ್ತ್ರಚಿಕಿತ್ಸೆಯ ನಂತರ ಮೊದಲ ಬಾರಿಗೆ, ಕಪ್ಪು ಕನ್ನಡಕ ಹಾಕಿಕೊಂಡು, ನನ್ನ ಹೆಂಡತಿಯ ತೋಳು ಹಿಡಿದು ಬಯಲಿಗೆ ಬಂದರು. ಬಿಸಿಲಿಗೆ ಮುಖವೆತ್ತಬಾರದೆಂದು ಕಣ್ಣಿನ ವೈದ್ಯರು ಹೇಳಿದ್ದರಂತೆ. "ನೀವು ಹಾರಿಸಿ. ನಾನು ಕೇಳಿಸ್ಕೊಂಡು ಕೂತಿರ್ತೀನಿ" ಎಂದು ತಲೆ ತಗ್ಗಿಸಿ ಕೂತರು. ಐದು ನಿಮಿಷವಾಗಿರಬೇಕು, "ಯಾಕೋ ಒಣಕೆಮ್ಮು ಕೆಮ್ತಿದೆ, ನಿಲ್ಲುತ್ತೆ ನೋಡಿ" ಎಂದರು. ತಾವು ನಿಂತಿರಿ. ನಾನು ಕೂಗಿ ತಿಳಿಸಿ ಮೆಲ್ಲಗೆ ಇಳಿಸಿದೆ. ಸಿಸ್ಟರ್ ಇನ್ನೂ ಕಿವಿಗೊಟ್ಟೇ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು:

"ಇನ್ನೂ ಮೇಲಿದೆಯಾ, ಡ್ರೈವರಣ್ಣ?"

"ಆಗಲೇ ಇಳೀತು, ಸಿಸ್ಟರ್."

"ಹೌದಾ? ಗೊತ್ತೇ ಆಗ್ಲಿಲ್ಲ" ಎಂದರು. ನಾನು ವಿಮಾನ ತರುವ ನೆಪದಲ್ಲಿ ಅತ್ತ ಹೋಗಿ, ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದೆ.

ಎಂದು, ತಾವು ನಿಂತಾಗಲೂ ನಿಲ್ಲದಿದ್ದಾಗಲೂ ಕೆಳಗೇ ನಿಂತು ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಮಾಜಿ ಬಸ್ ಡ್ರೈವರ್

ತಾ.ಕ.: ನಿನ್ನೆ ಕ್ಲಬ್ಬಿನಲ್ಲಿ ನನ್ನ ಹೆಂಡತಿಗೆ ಬ್ಯಾಟರಿಯಿಂದ ನಡೆಯುವ ಮೋಟಾರೊಂದರ ಪರಿಚಯವಾಯಿತು. "ನೋಡಿ, ಹೊಗೆಯಿಲ್ಲ, ಗೊಣಗಾಟವಿಲ್ಲ, ಕರೆದ ಕೂಡ್ಲೇ ಏಳುತ್ತೆ, ಹೇಳಿದ ಮಾತು ಕೇಳುತ್ತೆ" ಎಂದು ಬಹಳ ಮೆಚ್ಚಿಕೊಂಡಳು. ತಾವು ಎಚ್ಚರಿಕೆಯಿಂದಿರುವುದು ಒಳ್ಳೆಯದು. ನಾನಂತೂ ಇದ್ದೇನೆ, ಏಕೆಂದರೆ ಹಾಗೆ ಹೇಳುವಾಗ ಅವಳು ನೋಡುತ್ತಿದ್ದದ್ದು ತಮ್ಮನ್ನಲ್ಲ.