ಸೊಸೆ ಕಲಿಯಹೊರಟ ಗುಡ್ಡದ ಮಾತು

ದರ್ಜಿ: ಓದೋಕೆ ಪ್ರಪಂಚದಲ್ಲಿ ಬೇರೆ ಭಾಷೆನೇ ಸಿಗ್ಲಿಲ್ವಾ ನಿನಗೆ?

ಹೆಂಡತಿ: ಬೇರೆಯವಕ್ಕೆಲ್ಲ ಜನ ಸಾಲುಗಟ್ಟಿ ನಿಂತಿದಾರೆ. ಮೂಲನಿವಾಸಿಗಳ ಭಾಷೆ ಆರಿಸ್ಕೊಂಡ್ರೆ ಫೀಸಿಲ್ಲ, ಹಾಸ್ಟೆಲ್ ಕೊಡ್ತಾರೆ, ಮೇಲೆ ವಿದ್ಯಾರ್ಥಿವೇತನ ಬೇರೆ.

ದರ್ಜಿ: ಆ ಮಾತಾಡಿದ್ದಕ್ಕೇ ನಮ್ಮ ಮೇಷ್ಟ್ರು ನನಗೆ ಬಾಸುಂಡೆ ಬರಿಸಿದ್ರು. ಈಗ ನಿನಗೆ ಸಂಬಳ ಕೊಡ್ತಾರಾ?

ಹೆಂಡತಿ: ಕಾಲ ಬದಲಾಯ್ತು ಕಣ್ರೀ.

ದರ್ಜಿ: ನನ್ನ ಬೆನ್ನು ಬದಲಾಗಿಲ್ಲ.

ಅವನು ಸಿಟ್ಟಿಗೆ ಮಷೀನು ತುಳಿದ. ತೋಳಿಗೆ ಹಾಕಬೇಕಾದ ಹೊಲಿಗೆ ಜೇಬಿನ ಬಾಯಿಗೆ ಬಿತ್ತು. ಹೆಂಡತಿ ಪ್ರಾಥಮಿಕ ಶಾಲೆಯ ಟೀಚರು, ಪೇಟೆಯಲ್ಲೇ ಹುಟ್ಟಿ ಬೆಳೆದವಳು. ರಜೆ ಹಾಕಿ ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಓದುತ್ತೇನೆ ಎಂದರೆ ಅವನು ಹೇಗೋ ಸಹಿಸಿಕೊಳ್ಳುತ್ತಿದ್ದ. ಆದರೆ ಅವಳು ಆರಿಸಿಕೊಂಡದ್ದು ಅವನ ಸ್ವಂತ ಗುಡ್ಡದ ಮಾತನ್ನು. ಹೊರಗೆ ಅವನು ಅದರ ಉಸಿರೇ ಎತ್ತುತ್ತಿರಲಿಲ್ಲ. ಆಡುತ್ತಿದ್ದದ್ದು ತಾಯಿಯ ಜೊತೆ ಮಾತ್ರ. ಅದೂ ಹೆಂಡತಿ ಎದುರಿಗಿದ್ದಾಗ, ಅವಳಿಗೆ ತಿಳಿಯದಿರಲೆಂದು.

ದರ್ಜಿ: ಅದಕ್ಕೆ ಲಿಪಿ ಇಲ್ಲ.

ಹೆಂಡತಿ: ಹುಟ್ಟುವಾಗ ನಿಮಗೂ ಅಂಗಿ ಇರ್ಲಿಲ್ಲ. ಆಮೇಲೆ ಹೊಲಿದುಕೊಳ್ಳಲಿಲ್ವಾ?

ದರ್ಜಿ: ವ್ಯಾಕರಣ ಇಲ್ಲ.

ಹೆಂಡತಿ: ನಿಮ್ಮಮ್ಮ ಬೈಯುವಾಗ ಒಂದಾದ್ರೂ ಕ್ರಿಯಾಪದ ತಪ್ಪಿದೆಯಾ?

ದರ್ಜಿ: ತಪ್ಪಿದೆಯೋ ಇಲ್ವೋ, ನಿನಗೆ ಹೇಗೆ ಗೊತ್ತು?

ಅಷ್ಟರಲ್ಲಿ ತಾಯಿ ಬಟಾಣಿ ಸುಲಿಯುತ್ತ ಒಳಗಿನಿಂದ ಬಂದು ಕೂತಳು. ದರ್ಜಿ ಅಭ್ಯಾಸಬಲದಿಂದ ಗುಡ್ಡದ ಮಾತಿಗೆ ಇಳಿದ.

ದರ್ಜಿ: ಅಮ್ಮಾ, ಇವಳು ಇದನ್ನ ಕಲಿತರೆ ನಾವಿಬ್ರೂ ಕೆಟ್ವಿ! ಇವಳು ಹಾಡಿದ್ರೆ ಬಾಗಿಲ ಕೀಲು ಕಿರುಗುಟ್ಟಿದ ಹಾಗಿರುತ್ತೆ ಅಂದಿದ್ದು, ಇವಳ ತಮ್ಮನ್ನ ಉಂಡಾಡಿ ಅಂದಿದ್ದು...

ಹೆಂಡತಿ: (ಅದೇ ಗುಡ್ಡದ ಮಾತಿನಲ್ಲಿ) ತಮ್ಮನ ವಿಷಯ ಒಪ್ಕೋತೀನಿ. ಹಾಡಿನ ವಿಷಯ ಒಪ್ಪಲ್ಲ.

ಮಷೀನು ನಿಂತಿತು.

ದರ್ಜಿ: ಅಮ್ಮಾ! ಇದೇನಿದು?

ತಾಯಿ: ನಾನೇ ಕಲಿಸಿದ್ದು ಕಣೋ. ನೀನು ಮಷೀನಿನ ಮುಂದೆ ಕೂತ್ರೆ ನನ್ನ ಜೊತೆ ಮಾತಾಡೋರು ಯಾರು? ಗೋಡೆನಾ?

ದರ್ಜಿ: ಹಾಗಾದ್ರೆ ಇಷ್ಟು ವರ್ಷ ನಾನು ಅಂದಿದ್ದೆಲ್ಲಾ...

ಹೆಂಡತಿ: ಕೇಳಿಸ್ಕೊಂಡೆ. ಒಂದು ತಿದ್ದುಪಡಿ. ಗುಡ್ಡದ ಮಾತಲ್ಲಿ 'ಹೆಂಡತಿ' ಅನ್ನೋ ಪದಕ್ಕೆ ಕೊನೆಗೆ ದೀರ್ಘ ಎಳೀಬೇಕು. ನೀವು ನುಂಗಿಬಿಡ್ತೀರ. ನುಂಗಿದ್ರೆ 'ತಪ್ಪಿಸಿಕೊಂಡ ಆಡು' ಅಂತಾಗುತ್ತೆ.

ತಾಯಿ: ಏಳು ವರ್ಷಕ್ಕೇ ಆ ಮೇಷ್ಟ್ರು ಬಾಯಿ ಮುಚ್ಚಿಸಿದ್ರಲ್ಲ, ಇವನಿಗೆ ಮಗುವಿನ ಮಾತೇ ಉಳ್ಕೊಂಡಿದೆ ಪಾಪ.

ಅದು ನಗುವ ಮಾತಾಗಿರಲಿಲ್ಲ; ಯಾರೂ ನಗಲಿಲ್ಲ. ದರ್ಜಿ ದಾರ ಪೋಣಿಸುತ್ತ ಕೂತ, ಸೂಜಿಯ ಕಣ್ಣು ಸಿಗಲಿಲ್ಲ. ಆಗ ಪ್ಯಾಂಟಿನ ಮಡಿಕೆ ಬಿಚ್ಚಿಸಲು ಗಿರಾಕಿಯೊಬ್ಬರು ಒಳಬಂದರು.

ಗಿರಾಕಿ: ಏನ್ರೀ ಇದು, ಬೀದಿಗೆಲ್ಲ ಕೇಳಿಸ್ತಿದೆ! ಯಾವ ಭಾಷೆ ಅದು?

ಸೊಸೆ ಅತ್ತೆಯ ಮುಖ ನೋಡಿದಳು. ಗಿರಾಕಿಗಳ ಪಾಲಿಗೆ ದರ್ಜಿ ಇಷ್ಟು ದಿನವೂ ಪೇಟೆಯವನೇ.

ದರ್ಜಿ: ನಮ್ದು ಸಾರ್. ಗುಡ್ಡದ್ದು. ನಮ್ಮನೆಯವಳು ಅದರಲ್ಲೇ ಎಂ.ಎ. ಮಾಡೋಕೆ ಹೋಗ್ತಿದಾಳೆ.

ಗಿರಾಕಿ 'ಭೇಷ್' ಎಂದು ಪ್ಯಾಂಟು ಕೊಟ್ಟು ಹೋದರು. ಆಕಾಶವೇನೂ ಬೀಳಲಿಲ್ಲ. ದರ್ಜಿ ಆ ಪ್ಯಾಂಟನ್ನು ಮಷೀನಿನ ಮೇಲೆ ಹಾಸಿಕೊಂಡ.

ದರ್ಜಿ: ಸರಿ, ಹೋಗು. ಆದ್ರೆ ಒಂದೇ ಷರತ್ತು. ನನ್ನ ವಿಷಯ ಅಲ್ಲಿ ಯಾರ ಹತ್ರನೂ ಬಾಯಿ ಬಿಡಬಾರದು.

ಹೆಂಡತಿ: ಅದು ಆಗ್ಹೋಯ್ತಲ್ಲ. ಸಂದರ್ಶನದಲ್ಲಿ ಗುಡ್ಡದ ಕಡೆಯ ಪ್ರೊಫೆಸರಮ್ಮ ಒಬ್ರು, "ಈ ಭಾಷೆಯಲ್ಲಿ ನಿನಗೆ ಚೆನ್ನಾಗಿ ಗೊತ್ತಿರೋ ವಿಷಯದ ಮೇಲೆ ಮಾತಾಡಮ್ಮ" ಅಂದ್ರು.

ದರ್ಜಿ: ಯಾವ ವಿಷಯ ಮಾತಾಡಿದೆ?

ಹೆಂಡತಿ: ನಿಮ್ಮ ಗೊರಕೆ. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು ಸೀಟು ಕೊಟ್ರು.