ಮೊಸರುಗಡಿಗೆಯಲ್ಲಿ ಜಗ್ಗಪ್ಪನ ದಿಗ್ವಿಜಯ

ಕೇಳಿರಿ, ಎಲೈ ರಸಿಕಶಿರೋಮಣಿಗಳಿರಾ! ಶಂಕ್ರವ್ವನ ಅಡುಗೆಮನೆಯೆಂಬ ಮಹಾದ್ವೀಪದಲ್ಲಿ, ಮಣ್ಣಿನ ಗಡಿಗೆಯೆಂಬ ಕ್ಷೀರಸಾಗರದಲ್ಲಿ, ಹಾಲಿಗೆ ಹೆಪ್ಪು ಬಿದ್ದ ಪುಣ್ಯಮುಹೂರ್ತದಲ್ಲಿ ನಡೆದ ಘನಘೋರ ಕಥನವಿದು. ಹಾಲನ್ನು ಮೊಸರಾಗಿಸುವ ಬಡ ಬ್ಯಾಕ್ಟೀರಿಯವೊಂದರ ಒಡಲನ್ನು ವೈರಸ್ ವಂಶವೊಂದು ಹೊಕ್ಕು, ಹೇಳುವವರಿಲ್ಲ ಕೇಳುವವರಿಲ್ಲ ಎಂಬಂತೆ ಅಲ್ಲೇ ತನ್ನ ಮರಿಗಳನ್ನು ಜೋಡಿಸುತ್ತಿತ್ತು.

ಆ ವಂಶದ ವೀರನೇ ವಂಶತಂತುಕರ್ಷಣಪ್ರಚಂಡ, ರಿಕ್ತಕವಚಪೂರಣಧುರಂಧರ, ಶ್ರೀಮಾನ್ ಜಗ್ಗಪ್ಪ. ವಂಶದ ಗುಟ್ಟೆಲ್ಲ ಅಡಗಿದ ಡಿಎನ್‌ಎ ಎಂಬ ದಾರವನ್ನು ಜಗ್ಗಿ ಖಾಲಿ ಚಿಪ್ಪಿನೊಳಗೆ ತುರುಕುವುದೇ ಅವನ ಕಾಯಕ. ಮನೆತನದ ಪದ್ಧತಿಯಂತೆ ದಾರದ ಗುರುತನ್ನು ಒಮ್ಮೆ ಸವರಬೇಕು, ಆಮೇಲೆ ಕಣ್ಣುಮುಚ್ಚಿ ಜಗ್ಗಬೇಕು, ಚಿಪ್ಪು ತುಂಬಿದೊಡನೆ ಕಚಕ್ಕೆಂದು ಕತ್ತರಿಸಬೇಕು. ನಡುವೆ ತಿರುಗಿ ನೋಡಿದರೆ ಅವಮಾನ.

ಉಳಿದ ಚಿಪ್ಪುಗಳೆಲ್ಲ ಸೊಟ್ಟಗೆ ಕೂಡಿಕೊಂಡು ಬಿರಿದುಹೋಗಿದ್ದವು. ಇಪ್ಪತ್ತು ಮುಖಗಳೂ ಕೂಡಿ ನೆಟ್ಟಗೆ ನಿಂತವಳು ಚಿಪ್ಪವ್ವ ಒಬ್ಬಳೇ. ಅವಳು ದಾರ ಹೊತ್ತು ಹೊರಬಿದ್ದರೆ ವಂಶ ಉಳಿಯಿತು, ಇಲ್ಲವಾದರೆ ಮುಗಿಯಿತು.

“ಲಗೂನ ತುಂಬೋ ಜಗ್ಗಪ್ಪ, ಗ್ವಾಡಿ ಬಿರಿಯಾಕ ಹತ್ತೈತಿ,” ಎಂದಳು ಚಿಪ್ಪವ್ವ.

“ಎಲೌ ವಿಂಶತಿಮುಖಸುಂದರಿ, ಈ ವಜ್ರಭುಜಗಳಿರುವತನಕ ನಿನಗೇತರ ಚಿಂತೆ? ಬೆರಳು ತಾಗಿದರೆ ಸಾಕು, ನಮ್ಮ ದಾರ ನನಗೆ ತಿಳಿಯದೆ?”

“ಭಾಷಣ ಆಮ್ಯಾಲೆ ಮಾಡು. ಮೊದ್ಲ ನೋಡಿ ಜಗ್ಗು.”

“ಜಗ್ಗಪ್ಪಗ ಜಗ್ಗೂದು ಕಲಸ್ತೀಯೇನ ನೀ?”

ಜಗ್ಗಿದ ನೋಡಿ! ಒಂದೊಂದು ಎಳೆತಕ್ಕೂ ಶಕ್ತಿಯ ಒಂದೊಂದು ತುತ್ತು ನುಂಗುತ್ತ, ದಿಂಬಿನ ಗವಸಿಗೆ ಇಡೀ ಕೌದಿಯನ್ನೇ ತುರುಕುವವರಂತೆ ಒತ್ತಿ, ಸುತ್ತಿ, ಗಿಡಿದು ತುಂಬಿದ. ಚಿಪ್ಪವ್ವನಿಗೆ ಉಸಿರಾಡಲೂ ಜಾಗವಿರಲಿಲ್ಲ. ಕಚಕ್! ಕತ್ತರಿಸಿದ್ದೇ ತಡ, ಚಿಪ್ಪಿಗೆ ಬಾಲ ಬಂದು ಅಂಟಿತು, ಬ್ಯಾಕ್ಟೀರಿಯದ ಗೋಡೆ ಬಿರಿಯಿತು, ಚಿಪ್ಪವ್ವ ಹೊರಗೆ ಹಾರಿದಳು. ನನಗಂತೂ ಹೇಳುವಾಗಲೇ ಮೈ ಜುಂ ಎನ್ನುತ್ತದೆ.

ಪಕ್ಕದಲ್ಲೇ ಹಾಲಿನ ಸಕ್ಕರೆ ಅರಗಿಸಿಕೊಳ್ಳಲಾರದೆ ಸೊರಗಿದ್ದ ಬ್ಯಾಕ್ಟೀರಿಯವೊಂದಿತ್ತು. ಚಿಪ್ಪವ್ವ ಅದರ ಮೇಲಿಳಿದು, ಬಾಲ ಚುಚ್ಚಿ, ಹೊತ್ತು ತಂದ ದಾರವನ್ನೆಲ್ಲ ಒಳಗೆ ಸುರಿದಳು. ಇನ್ನೇನು, ಅದು ಸಾಯಬೇಕು.

ಸಾಯಲಿಲ್ಲ. ಮೈಮುರಿದೆದ್ದು, ಗಬಗಬನೆ ಹಾಲಿನ ಸಕ್ಕರೆ ತಿನ್ನತೊಡಗಿತು.

“ಎಷ್ಟ್ ದಿನದ ಮ್ಯಾಲೆ ಹೊಟ್ಟಿ ತುಂಬಾಕ ಹತ್ತೈತಿ,” ಎಂದಿತು. “ಯಾರ್ ಯವ್ವಾ ನೀ, ದೇವರ ಬಂದಂಗ ಬಂದಿ.”

ಚಿಪ್ಪವ್ವನಿಗೆ ಆಗ ಗೊತ್ತಾಯಿತು. ಆ ಗಡಿಬಿಡಿಯಲ್ಲಿ ಜಗ್ಗಪ್ಪ ಜಗ್ಗಿದ್ದು ತಾವು ಹೊಕ್ಕಿದ್ದ ಮನೆಯೊಡೆಯನ, ಆ ಬಡ ಬ್ಯಾಕ್ಟೀರಿಯದ, ದಾರ. ಸಕ್ಕರೆ ಅರಗಿಸುವ ವಿದ್ಯೆ ಇದ್ದದ್ದು ಅದರಲ್ಲೇ. ತಮ್ಮ ವಂಶದ ದಾರ ಒಡೆದ ಗೋಡೆಯ ಆಚೆ, ಹಾಲಿನಲ್ಲಿ ಕರಗುತ್ತಿತ್ತು.

“ನೋಡಿ ಜಗ್ಗು ಅಂದಿದ್ದೆ,” ಎಂದಳು, ಖಾಲಿ ಹೊಟ್ಟೆಯಲ್ಲಿ. ಅವಳಿಗೆ ಅಳು ಬಂತು.

ಮರುದಿನ ಶಂಕ್ರವ್ವನ ಗಂಡ ಮಡಿವಾಳಪ್ಪ ರೊಟ್ಟಿಗೆ ಮೊಸರು ಹಚ್ಚಿಕೊಂಡು, ಚಿಪ್ಪವ್ವ ಜಗ್ಗಪ್ಪರ ಸಮೇತ ನುಂಗಿದ.

“ಮಸರು ಚಲೋ ಹೆಪ್ಪಾಗೈತಿ,” ಎಂದ.

“ಹೂಂ. ಇನ್ನೊಂದೀಟು ಹಾಕ್ಲೇನ್ರಿ?” ಎಂದಳು ಶಂಕ್ರವ್ವ.