ಅನಾನಸಿನ ವೈನೂ ನಮ್ಮ ಗಾಬರಿಗಳೂ

ವೈನ್ ಮಾಡುವ ಮನೆಗೆ ಸೊಸೆಯಾಗಿ ಬಂದವಳ ಎದೆ ಗಟ್ಟಿ ಇರಬೇಕು. ಒಂದು ಗಾಬರಿ ಆರುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಅರವತ್ತರ ದಶಕದ ಕೊನೆಗೆ ಪಾನನಿರೋಧ ಸಡಿಲವಾದದ್ದೇ ತಡ, ಹೊಸನಗರದ ಹತ್ತಿರದ ನಮ್ಮ ಮಾವ, ಗುಡ್ಡದಲ್ಲಿ ಬೆಳೆದ ಅನಾನಸು ಕೊಳೆಯುವುದನ್ನು ನೋಡಲಾರದೆ ವೈನ್ ಮಾಡಲು ಹೊರಟರು. ಮನೆಯವರೇ ಕೆಲಸದವರು. ನಾನು ಹಣ್ಣು ಹೆಚ್ಚುವವಳು, ನನ್ನ ಗಂಡ ಬಾಟಲಿ ತುಂಬುವವರು. ನನ್ನ ತವರಿನಲ್ಲಾದರೋ ವೈನ್ ಎಂದು ಬಾಯಿಬಿಟ್ಟರೆ ಬಾಯಿ ಮುಕ್ಕಳಿಸಬೇಕಿತ್ತು!

ಇನ್ಸ್‌ಪೆಕ್ಟರು ಮಲಗಿದ್ದು

ಮೊದಲ ವರ್ಷ ಸಾಗರದಿಂದ ಅಬಕಾರಿ ಇನ್ಸ್‌ಪೆಕ್ಟರು ತಪಾಸಣೆಗೆ ಬಂದರು. ಭಾರೀ ಗತ್ತಿನ ಮನುಷ್ಯ. ನನ್ನ ಗಂಡ ಅವಸರ ಮಾಡಿ, ಹುಳಿಯುವುದು ನಿಲ್ಲುವ ಮೊದಲೇ ಬಾಟಲಿಗಳಿಗೆ ಬಿರಡೆ ಜಡಿದಿದ್ದರು. ಇನ್ಸ್‌ಪೆಕ್ಟರು ಬೆಂಚಿನ ಮೇಲೆ ಕೂತು ಪೆನ್ನು ತೆಗೆದದ್ದಷ್ಟೆ, ಹಿಂದಿನ ಕಪಾಟಿನಲ್ಲಿ "ಢಂ!" ಎಂದಿತು. ಮತ್ತೊಂದು "ಢಂ!" ಕಣ್ಣು ಮಿಟುಕಿಸುವಷ್ಟರಲ್ಲಿ ಸಾಹೇಬರು ಬೆಂಚಿನಡಿ ಬೋರಲು ಮಲಗಿದ್ದರು.

"ಯಾರ್ರೀ ಅದು ಗುಂಡು ಹಾರಿಸ್ತಿರೋದು?"

"ಯಾರೂ ಅಲ್ಲ ಸ್ವಾಮಿ, ಅನಾನಸು," ಎಂದರು ಮಾವ.

ಮೂರನೆಯದೂ ಸಿಡಿಯಿತು. ಬೆಂಚಿನಡಿಯಿಂದಲೇ ಉತ್ತರ ಬಂತು: "ನಿಮಗೆ ಬೇಕಾದ್ದು ವೈನಿನ ಲೈಸನ್ಸಲ್ಲ ಕಣ್ರೀ, ಕೋವಿ ಲೈಸನ್ಸು!"

ಬಸ್ಸಿನ ಅಜ್ಜಿ

ತೀರ್ಥಹಳ್ಳಿಗೆ ಒಂದು ಭರಣಿ ವೈನ್ ಸಾಗಿಸಬೇಕಿತ್ತು. ಬಸ್ಸಿನ ಮೇಲೆ ಕಟ್ಟಿಸಿ ನಾವಿಬ್ಬರೂ ಹತ್ತಿದೆವು. ಕಂಡಕ್ಟರ್ ಕೇಳಿದ್ದಕ್ಕೆ ನನ್ನ ಗಂಡ, ನಾಚಿಕೆಗೆ, "ಹಣ್ಣಿನ ರಸ" ಎಂದುಬಿಟ್ಟರು. ಒಂದು ತಿರುವಿನಲ್ಲಿ ಭರಣಿ ಬಿರುಕುಬಿಟ್ಟು, ವೈನು ಚಾವಣಿಯ ಸಂದಿಯಿಂದ ಮುಂದಿನ ಸೀಟಿನ ಅಜ್ಜಿಯ ತಲೆಮೇಲೆ ತೊಟತೊಟ ಸೋರತೊಡಗಿತು.

"ಎಂಥದು ಮಾರಾಯ ಇದು?"

"ಅನಾನಸಿನ ರಸವಂತೆ ಅಜ್ಜಿ," ಎಂದ ಕಂಡಕ್ಟರ್.

"ಅಯ್ಯೋ, ಹಣ್ಣಿನ ರಸ ಹಾಳು ಮಾಡೋದಾ?" ಎಂದವರೇ ಚೀಲದಿಂದ ಲೋಟ ತೆಗೆದು ಹಿಡಿದರು. ಅದು ವೈನು ಎಂದು ಈಗ ಹೇಳುವುದಾದರೂ ಹೇಗೆ? ಎರಡು ಲೋಟ ಮುಗಿಯುವಷ್ಟರಲ್ಲಿ ಅಜ್ಜಿ ಸೋಬಾನೆ ಶುರುಮಾಡಿದರು. ತೀರ್ಥಹಳ್ಳಿಯಲ್ಲಿ ಎಲ್ಲರೂ ಇಳಿದರೂ ಅವರು ಏಳಲಿಲ್ಲ.

"ಇಳೀರಿ ಅಜ್ಜಿ, ಊರು ಬಂತು."

"ನಾನ್ಯಾಕೆ ಇಳೀಲಿ? ಇನ್ನೂ ಸೋರ್ತಾ ಇದೆಯಲ್ಲ!"

ನಾದಿನಿಯ ಸಂಬಂಧ

ಇದನ್ನು ನೆನೆದರೆ ಈಗಲೂ ನನಗೆ ಬೆವರುತ್ತದೆ. ನಾದಿನಿಗೆ ತೀರ್ಥಹಳ್ಳಿ ಕಡೆಯಿಂದ ಒಳ್ಳೆಯ ಸಂಬಂಧ ಬಂದಿತ್ತು. ಹುಡುಗ ಒಪ್ಪಿದ್ದ, ಹುಡುಗಿಯೂ ಒಪ್ಪಿದ್ದಳು. ಅಡ್ಡ ನಿಂತವರು ಹುಡುಗನ ದೊಡ್ಡಪ್ಪ. ಊರೂರು ತಿರುಗಿ ಕುಡಿತದ ವಿರುದ್ಧ ಭಾಷಣ ಮಾಡುವವರು. "ಹೆಂಡದ ಮನೆ ಹೆಣ್ಣು ಬೇಡ" ಎಂದು ಮುಖದ ಮೇಲೆ ಹೇಳಿಹೋಗಲು ಬಸ್ಸಿಳಿದು ಸುಡು ಬಿಸಿಲಲ್ಲಿ ನಡೆದು ಬಂದರು. ನಾದಿನಿ ಒಳಗೆ ಅಳುತ್ತಿದ್ದಳು.

ಅತ್ತೆ ಒಂದು ಚೊಂಬು ತಂದು ನನ್ನ ಕೈಗಿಟ್ಟರು. "ಪಾನಕ ಕೊಡು, ಪಾಪ, ದಣಿದಿದ್ದಾರೆ." ಕೊಟ್ಟೆ. ಅವರು ಒಂದೇ ಗುಟುಕಿಗೆ ಕುಡಿದು ಲೋಟ ಚಾಚಿದರು. ಮತ್ತೆ ಕೊಟ್ಟೆ. ಮೂರನೆಯ ಲೋಟ ಬಗ್ಗಿಸುವಾಗ ಮೂಗಿಗೆ ವಾಸನೆ ಬಡಿಯಿತು. ಅಡುಗೆಮನೆಗೆ ಓಡಿದೆ.

"ಅತ್ತೆ, ಅದು ಪಾನಕ ಅಲ್ಲ! ವೈನು!"

"ಗೊತ್ತು ಕಣೆ," ಎಂದರು ಅತ್ತೆ, ಕಾಯಿ ತುರಿಯುತ್ತ. "ಸುಮ್ಮನಿರು."

ಹೊರಗೆ ದೊಡ್ಡಪ್ಪನವರ ಮುಖ ಅರಳಿತ್ತು. ಮಾವನ ಹೆಗಲ ಮೇಲೆ ಕೈಹಾಕಿ, "ಹುಡುಗಿ ನಮಗೆ ಒಪ್ಪಿಗೆ," ಎಂದರು. ಮಾವ ಕಣ್ಣೊರೆಸಿಕೊಂಡರು. ಆಮೇಲೆ ದೊಡ್ಡಪ್ಪ ಸ್ವರ ತಗ್ಗಿಸಿ ಬುದ್ಧಿ ಹೇಳಿದರು:

"ಇಷ್ಟು ಒಳ್ಳೆ ಪಾನಕ ಮಾಡಕ್ಕೆ ಬರತ್ತೆ ನಿಮಗೆ. ಆ ದರಿದ್ರ ವೈನ್ ಯಾಕೆ ಮಾರಾಯ್ರೆ? ಇದನ್ನೇ ಮಾರಿ!"